ಇವತ್ತು ಪಲ್ಯ ಏನು? ಖಾನಾವಳಿಯ ಪುಟ ಮಾಡುತ್ತಾ ಎಚ್‌ಟಿಎಂಎಲ್, ಪಿಎಚ್‌ಪಿ

ಹುಬ್ಬಳ್ಳಿಯಲ್ಲಿ ನನ್ನ ಕಾಕು ಒಂದು ಸಣ್ಣ ಖಾನಾವಳಿ ನಡೆಸುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಫೋನ್ ಶುರು. "ಇವತ್ತ ಪಲ್ಯಾ ಏನ್ ಮಾಡೀರಿ?" ಎಲ್ಲರದೂ ಇದೇ ಪ್ರಶ್ನೆ. ಆ ಹೊತ್ತಿಗೆ ಕಾಕುವಿನ ಎರಡೂ ಕೈ ಜೋಳದ ಹಿಟ್ಟಿನಲ್ಲಿ. ಅದಕ್ಕೇ ಅವರಿಗೊಂದು ವೆಬ್ ಪುಟ ಮಾಡಿಕೊಟ್ಟೆ. ಅದನ್ನೇ ಇಟ್ಟುಕೊಂಡು ನಿಮಗೂ ಹೇಳಿಕೊಡುತ್ತೇನೆ. ಕೋಡ್ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಇಲ್ಲಿ ಮಾತ್ರ ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಹೇಳುತ್ತೇನೆ.

ನೋಟ್‌ಪ್ಯಾಡ್ ತೆರೆಯಿರಿ. ಖಾನಾವಳಿಯ ಹೆಸರು, ತೆರೆದಿರುವ ಸಮಯ, ಊಟದಲ್ಲಿ ಏನೇನು ಇರುತ್ತದೆ ಎಂದು ಸುಮ್ನೆ ಬರೆಯಿರಿ. ಈಗ ಇದರಲ್ಲಿ ಯಾವುದು ಏನು ಅಂತ ಗುರುತು ಹಾಕಬೇಕು. ಮಾರ್ಕಪ್ ಅಂದರೆ ಇಷ್ಟೇ. ಆ ಗುರುತುಗಳ ಭಾಷೆಯೇ ಎಚ್‌ಟಿಎಂಎಲ್. ಹೆಸರಿಗಿಂತ ಮೊದಲು ಲೆಸ್ ದ್ಯಾನ್ ಚಿಹ್ನೆ, ಎಚ್, 1, ಗ್ರೇಟರ್ ದ್ಯಾನ್ ಚಿಹ್ನೆ. ಹೆಸರು ಮುಗಿದ ಮೇಲೆ ಮತ್ತೆ ಅದೇ, ಆದರೆ ಎಚ್‌ನ ಮುಂಚೆ ಒಂದು ಓರೆ ಗೆರೆ. ಮೊದಲನೆಯದು ತೆರೆಯುವ ಟ್ಯಾಗ್, ಎರಡನೆಯದು ಮುಚ್ಚುವ ಟ್ಯಾಗ್. ಇವೆರಡರ ನಡುವೆ ಇರುವುದು ದೊಡ್ಡ ಶೀರ್ಷಿಕೆ ಎಂದು ಬ್ರೌಸರ್‌ಗೆ ತಿಳಿಯುತ್ತದೆ. ಪ್ಯಾರಾಕ್ಕೆ ಪಿ ಟ್ಯಾಗ್, ಪಟ್ಟಿಗೆ ಯುಎಲ್, ಪಟ್ಟಿಯ ಒಂದೊಂದು ಸಾಲಿಗೆ ಎಲ್‌ಐ. ರೊಟ್ಟಿ ಒಂದು ಎಲ್‌ಐ, ಶೇಂಗಾ ಚಟ್ನಿ ಒಂದು ಎಲ್‌ಐ, ಮೊಸರು ಇನ್ನೊಂದು. 1991ರಲ್ಲಿ ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ, ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಪಟ್ಟಿಯಲ್ಲೇ ಈ ನಾಲ್ಕೂ ಟ್ಯಾಗ್‌ಗಳಿದ್ದವು. ಇವತ್ತಿಗೂ ಅವೇ ನಡೆಯುತ್ತಿವೆ.

ಇದೆಲ್ಲ ಬಾಡಿ ಟ್ಯಾಗ್‌ನ ಒಳಗೆ ಬರಬೇಕು. ಅದರ ಮೇಲೆ ಹೆಡ್ ಎಂಬ ಭಾಗ. ಕನ್ನಡದಲ್ಲಿ ಬರೆಯುವವರು ಆ ಹೆಡ್‌ನಲ್ಲಿ ಒಂದು ಸಾಲು ಮರೆಯಲೇಬಾರದು: ಮೆಟಾ ಟ್ಯಾಗ್, ಅದರಲ್ಲಿ ಚಾರ್‌ಸೆಟ್ ಈಕ್ವಲ್ಸ್ ಯುಟಿಎಫ್-8. ಯುಟಿಎಫ್-8 ಅಂದರೆ ಅಕ್ಷರಗಳನ್ನು ಕಂಪ್ಯೂಟರಿನ ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ. ಅದರಲ್ಲಿ ಕನ್ನಡದ 'ಕ' ಒಂದಕ್ಕೇ 3 ಬೈಟ್ ಬೇಕು. ಆ ಸಾಲು ಇಲ್ಲದಿದ್ದರೆ ಬ್ರೌಸರ್ ಬೇರೇನೋ ಊಹಿಸಿ, ಒಂದು ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆ ತೋರಿಸಬಹುದು. ಸೇವ್ ಮಾಡುವಾಗಲೂ ಎನ್‌ಕೋಡಿಂಗ್‌ನಲ್ಲಿ ಯುಟಿಎಫ್-8 ಇದೆಯಾ ನೋಡಿ. ಫೈಲ್ ಹೆಸರು ಇಂಡೆಕ್ಸ್, ಡಾಟ್, ಎಚ್‌ಟಿಎಂಎಲ್.

ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ. ಪುಟ ತೆರೆಯಿತು, ಅಲ್ವಾ? ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಟ್ಯಾಗ್‌ಗಳನ್ನು ಓದಿ ಚಿತ್ರ ಕಟ್ಟುವುದು ನಿಮ್ಮ ಯಂತ್ರದಲ್ಲಿರುವ ಬ್ರೌಸರ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಕುವಿನ ಪುಟಕ್ಕೆ ಇಷ್ಟು ಸಾಲಲಿಲ್ಲ. ಸೋಮವಾರ ಎಣ್ಣೆಗಾಯಿ, ಮಂಗಳವಾರ ಮಡಿಕೆಕಾಳು, ಬುಧವಾರ ಪುಂಡಿಪಲ್ಯ. ದಿನಾ ಬೆಳಿಗ್ಗೆ ಫೈಲ್ ತಿದ್ದುವವರು ಯಾರು? ಪುಟ ತಾನೇ ವಾರ ನೋಡಿಕೊಂಡು ಪಲ್ಯದ ಹೆಸರು ಹಾಕಬೇಕು. ಇಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ. ಇದನ್ನು 1994ರಲ್ಲಿ ಶುರು ಮಾಡಿದ ರಾಸ್ಮಸ್ ಲೆರ್ಡಾರ್ಫ್‌ಗೆ ಬೇಕಾಗಿದ್ದದ್ದೂ ಇಂಥ ಸಣ್ಣ ಕೆಲಸವೇ: ತನ್ನ ರೆಸ್ಯೂಮೆ ಪುಟವನ್ನು ಯಾರು ನೋಡುತ್ತಿದ್ದಾರೆ ಎಂದು ತಿಳಿಯುವುದು.

ಪಿಎಚ್‌ಪಿ ಇನ್‌ಸ್ಟಾಲ್ ಮಾಡಿಕೊಳ್ಳಿ. ಫೈಲ್ ಹೆಸರಿನ ಕೊನೆಯ ಎಚ್‌ಟಿಎಂಎಲ್ ಅಳಿಸಿ ಪಿಎಚ್‌ಪಿ ಎಂದು ಮಾಡಿ. ಈಗ ಮಾತ್ರ ಡಬಲ್ ಕ್ಲಿಕ್ ಮಾಡಬೇಡಿ. ಬ್ರೌಸರ್‌ಗೆ ಪಿಎಚ್‌ಪಿ ಓದಲು ಬರುವುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಆ ಫೋಲ್ಡರ್‌ಗೆ ಹೋಗಿ ಹೀಗೆ ಟೈಪ್ ಮಾಡಿ: ಪಿಎಚ್‌ಪಿ, ಸ್ಪೇಸ್, ಹೈಫನ್, ದೊಡ್ಡ ಎಸ್, ಸ್ಪೇಸ್, ಲೋಕಲ್‌ಹೋಸ್ಟ್, ಕೋಲನ್, 8000. ನಿಮ್ಮ ಕಂಪ್ಯೂಟರ್ರೇ ಸರ್ವರ್, ಅಂದರೆ ಕೇಳಿದವರಿಗೆ ಪುಟ ಕಳಿಸುವ ಯಂತ್ರ, ಆಯಿತು. ಬ್ರೌಸರ್‌ನ ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಕೋಲನ್ 8000 ಎಂದು ಹಾಕಿ ಪುಟ ನೋಡಿ.

ಪಲ್ಯದ ಹೆಸರು ಬರಬೇಕಾದ ಜಾಗದಲ್ಲಿ ಲೆಸ್ ದ್ಯಾನ್, ಪ್ರಶ್ನಾರ್ಥಕ ಚಿಹ್ನೆ, ಪಿಎಚ್‌ಪಿ ಎಂದು ತೆರೆಯಿರಿ. ಮುಚ್ಚಲು ಪ್ರಶ್ನಾರ್ಥಕ ಚಿಹ್ನೆ, ಗ್ರೇಟರ್ ದ್ಯಾನ್. ಒಳಗೆ ಡಾಲರ್ ಚಿಹ್ನೆ ಹಾಕಿ 'ಪಲ್ಯ' ಎಂಬ ವೇರಿಯಬಲ್ (ಹೆಸರಿಟ್ಟ ಡಬ್ಬಿ ಇದ್ದ ಹಾಗೆ) ಮಾಡಿ, ಅದರಲ್ಲಿ ರವಿವಾರದಿಂದ ಶನಿವಾರದವರೆಗೆ ಏಳು ಹೆಸರಿನ ಅರೇ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿ, ಇಡಿ. ಡೇಟ್ ಫಂಕ್ಷನ್‌ಗೆ ಸಣ್ಣ ಡಬ್ಲ್ಯೂ ಕೊಟ್ಟರೆ ರವಿವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6 ಸಿಗುತ್ತದೆ. ಅರೇಯ ಎಣಿಕೆಯೂ 0ಯಿಂದಲೇ. ಆ ಅಂಕಿಯನ್ನು ಚೌಕ ಬ್ರಾಕೆಟ್‌ನಲ್ಲಿ ಹಾಕಿ ಎಕೋ ಮಾಡಿದರೆ, ಅಂದರೆ ಪುಟದಲ್ಲಿ ಬರೆಸಿದರೆ, ಆಯಿತು. ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಬೇಕು.

ಈಗ ನನಗೆ ತುಂಬ ಇಷ್ಟವಾದ ಹೆಜ್ಜೆ. ಪುಟ ತೆರೆದಿರುವಾಗ ಕಂಟ್ರೋಲ್ ಮತ್ತು ಯು ಒತ್ತಿ. ಸೋರ್ಸ್, ಅಂದರೆ ಬ್ರೌಸರ್‌ಗೆ ಬಂದ ಮೂಲ ಬರಹ, ಕಾಣುತ್ತದೆ. ಏಳು ಪಲ್ಯದ ಅರೇ ಎಲ್ಲಿ? ಡೇಟ್ ಎಲ್ಲಿ? ಒಂದೂ ಇಲ್ಲ. ಪಿ ಟ್ಯಾಗ್‌ನೊಳಗೆ 'ಮಡಿಕೆಕಾಳು ಪಲ್ಯ' ಎಂದಷ್ಟೇ ಇದೆ. ಪಿಎಚ್‌ಪಿ ಸರ್ವರ್‌ನಲ್ಲೇ ಓಡಿ ಮುಗಿದಿದೆ. ಬ್ರೌಸರ್‌ಗೆ ಬಂದದ್ದು ಬರೀ ಎಚ್‌ಟಿಎಂಎಲ್. ಹೊಸಬರಿಗೆ ಆಗುವ ಗೊಂದಲವೆಲ್ಲ ಜಾಸ್ತಿ ಇಲ್ಲೇ. ಪುಟದಲ್ಲಿ ಏನಾದರೂ ತಪ್ಪಿದರೆ ಮೊದಲು ಈ ಸೋರ್ಸ್ ನೋಡಿ. ಪಲ್ಯದ ಹೆಸರೇ ಬಂದಿಲ್ಲವೆಂದರೆ ಪಿಎಚ್‌ಪಿಯಲ್ಲಿ ಹುಡುಕಿ. ಹೆಸರು ಬಂದಿದೆ, ತೋರಿಸುವ ರೀತಿ ಸರಿಯಿಲ್ಲ ಎಂದರೆ ಟ್ಯಾಗ್‌ಗಳಲ್ಲಿ ಹುಡುಕಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿತ್ತು. ಬಾಡಿಗೆ ಸರ್ವರ್‌ಗೆ ಹಾಕಿದ ಮರುದಿನ ಬೆಳಗಿನ ಐದಕ್ಕೆ ಕಾಕು ಫೋನ್ ಮಾಡಿದರು. "ಇವತ್ತ ಮಂಗಳವಾರ ಐತಲ್ಲೋ, ಇದರಾಗ ಇನ್ನೂ ಎಣ್ಣೆಗಾಯಿನ ತೋರಿಸಾಕತ್ತೈತಿ!" ನಾನು ಏಳು ಗಂಟೆಗೆ ಎದ್ದು ನೋಡಿದರೆ ಮಡಿಕೆಕಾಳು ಬಂದಿತ್ತು. ಮರುದಿನ ಮತ್ತೆ ಅದೇ ಕಥೆ. ಆ ಸರ್ವರ್‌ನ ಪಿಎಚ್‌ಪಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಾಕು ಐದಕ್ಕೆ ನೋಡಿದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ಕೋಡ್‌ನ ಮೊದಲಿಗೇ ಡೇಟ್-ಡಿಫಾಲ್ಟ್-ಟೈಮ್‌ಝೋನ್-ಸೆಟ್ ಎಂದು ಬರೆದು, ನಡುವೆ ಅಂಡರ್‌ಸ್ಕೋರ್ ಹಾಕಿ, ಏಷ್ಯಾ ಓರೆ ಗೆರೆ ಕೋಲ್ಕತಾ ಎಂದು ಕೊಡಿ. ಭಾರತಕ್ಕೆಲ್ಲ ಅದೇ ಹೆಸರು.

ಆಮೇಲೆ ಊಟದ ಡಬ್ಬಿ ಬೇಕಾದವರು ಹೆಸರು ಬರೆದು ಕಳಿಸಲು ಒಂದು ಫಾರ್ಮ್ ಸೇರಿಸಿದೆ. ನೀವೂ ಸೇರಿಸುವುದಾದರೆ, ಜನ ಬರೆದದ್ದನ್ನು ಹಾಗೇ ಎಕೋ ಮಾಡಬೇಡಿ. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಬರೆದರೆ ನೋಡುವವರ ಬ್ರೌಸರ್ ಅದನ್ನೂ ನಂಬಿ ಓಡಿಸಿಬಿಡುತ್ತದೆ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಎಂಬ ಫಂಕ್ಷನ್‌ನೊಳಗೆ ಹಾಯಿಸಿ ತೋರಿಸಿ. ಆಗ ಲೆಸ್ ದ್ಯಾನ್ ಚಿಹ್ನೆ ಬರೀ ಚಿಹ್ನೆಯಾಗಿ ಕಾಣುತ್ತದೆ, ಟ್ಯಾಗ್ ಆಗುವುದಿಲ್ಲ. ಮೊದಲ ಫಾರ್ಮ್‌ನಿಂದಲೇ ಈ ಅಭ್ಯಾಸ ಇರಲಿ.