ಕಂತು ಹಾಕುವ ಮುನ್ನ, ಕಾಮೆಂಟ್ ಒತ್ತುವ ಮುನ್ನ

ಆನ್‌ಲೈನಿನಲ್ಲಿ ಕಥೆ ಬರೆಯುವವರಿಗೂ ಓದುವವರಿಗೂ ನಡುವೆ ಹುಟ್ಟುವ ಮನಸ್ತಾಪಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಒಂದೇ ಕಾರಣಕ್ಕೆ ಬಂದು ನಿಲ್ಲುತ್ತವೆ: ಯಾರಿಗೆ ಏನು ಬೇಕಿತ್ತು ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಧಾರಾವಾಹಿ ಮುಗಿದಿದೆ ಅಂದುಕೊಂಡು ಓದುಗರು ರಾತ್ರಿಯಿಡೀ ಕೂತು ಓದುತ್ತಾರೆ, ಹನ್ನೆರಡನೇ ಕಂತಿಗೆ ಅದು ನಿಂತುಹೋಗಿರುತ್ತದೆ. ಬರೆದವರು ಕಥೆ ಹೇಗನಿಸಿತು ಎಂಬ ಮಾತಿಗೆ ಕಾದಿರುತ್ತಾರೆ, ಕೆಳಗೆ ಕಾಗುಣಿತದ ತಪ್ಪುಗಳ ಪಟ್ಟಿ ಬಂದು ಬಿದ್ದಿರುತ್ತದೆ. ಬರೆಯುವ ಕಡೆಯೂ ಓದುವ ಕಡೆಯೂ ಇದ್ದು ನಾನು ರೂಢಿಸಿಕೊಂಡ ಕ್ರಮ ಇಲ್ಲಿದೆ. ಇದರಲ್ಲಿ ಹೆಚ್ಚಿನದು ಮೊದಲೇ ಹೇಳಿಬಿಡುವ ಅಭ್ಯಾಸಕ್ಕೆ ಸಂಬಂಧಪಟ್ಟದ್ದು.

ಬರೆಯುವವರಿಂದ ಶುರು ಮಾಡೋಣ. ಮೊದಲ ಕಂತಿನ ಮೇಲ್ಭಾಗದಲ್ಲಿ ಐದಾರು ಸಾಲಿನ ಸೂಚನೆಯೊಂದನ್ನು ಹಾಕುತ್ತೇನೆ. ಅದರ ರೂಪ ಸುಮಾರು ಹೀಗಿರುತ್ತದೆ:

‘ಕಾದಂಬರಿ, ಅಂದಾಜು 24 ಕಂತು. ಕರಡು ಪೂರ್ತಿ ಆಗಿದೆ, ತಿದ್ದುತ್ತಾ ಹಾಕುತ್ತೇನೆ. ಬುಧವಾರ ಮತ್ತು ಶನಿವಾರ ಸಂಜೆ. 7 ಮತ್ತು 15ನೇ ಕಂತಿನಲ್ಲಿ ಮನೆಯೊಳಗಿನ ಹಿಂಸೆಯ ಚಿತ್ರಣವಿದೆ. ಅಕ್ಷರದೋಷ ಕಂಡರೆ ಇನ್‌ಬಾಕ್ಸಿಗೆ ತಿಳಿಸಿ. ಕಥೆಯ ಓಟ, ಪಾತ್ರಗಳ ಬಗ್ಗೆ ಇಲ್ಲೇ ಬರೆಯಿರಿ, ಕಟುವಾಗಿದ್ದರೂ ಸರಿ.’

ಇದರಲ್ಲಿ ಪ್ರತಿ ಸಾಲಿಗೂ ಕೆಲಸವಿದೆ. ಕಂತಿನ ಸಂಖ್ಯೆ ತಿಳಿದರೆ ಈಗಲೇ ಓದಬೇಕೋ ಮುಗಿದ ಮೇಲೆ ಒಟ್ಟಿಗೆ ಓದಬೇಕೋ ಎಂದು ಓದುಗರು ನಿರ್ಧರಿಸಿಕೊಳ್ಳುತ್ತಾರೆ. ವಾರ ಹೇಳಿದ್ದರೆ ‘ಮುಂದಿನ ಭಾಗ ಯಾವಾಗ’ ಎಂಬ ಕಾಮೆಂಟುಗಳು ತಾವಾಗಿಯೇ ಇಳಿಯುತ್ತವೆ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ವಿಮರ್ಶೆ ಬೇಡ ಅನಿಸಿದರೆ ಅದನ್ನೂ ಹೀಗೆಯೇ ಹೇಳಬಹುದು: ‘ಸಂತೋಷಕ್ಕೆ ಬರೆಯುತ್ತಿದ್ದೇನೆ, ಸದ್ಯ ತಿದ್ದುವ ಯೋಚನೆಯಿಲ್ಲ.’ ಬರೆಯಲು ಈಗಷ್ಟೇ ಕೈ ಹಾಕಿದವರು ಹಾಗೆ ಹೇಳಲು ಸಂಕೋಚಪಡಬೇಕಾಗಿಲ್ಲ. ಸಂಕೋಚಪಟ್ಟು ಸುಮ್ಮನಿದ್ದು, ಮೊದಲ ಟೀಕೆಗೇ ಬರೆಯುವುದನ್ನು ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ಎಚ್ಚರಿಕೆಯ ಸಾಲಿನ ಬಗ್ಗೆ ಬರಹಗಾರರಲ್ಲಿ ಒಂದು ಆತಂಕವಿದೆ: ಮೊದಲೇ ಹೇಳಿಬಿಟ್ಟರೆ ಕುತೂಹಲ ಸತ್ತುಹೋಗುತ್ತದೆ ಎಂದು. ಅಭಿಮಾನಿಗಳು ಬರೆಯುವ ಕಥೆಗಳ ದೊಡ್ಡ ಸಂಗ್ರಹವಾದ ಆರ್ಕೈವ್ ಆಫ್ ಅವರ್ ಓನ್ ತಾಣ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದೆ. ಅಲ್ಲಿ ಕಥೆ ಹಾಕುವಾಗ ತೀವ್ರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ ಮುಂತಾದವುಗಳಲ್ಲಿ ಅನ್ವಯಿಸುವುದನ್ನು ಗುರುತಿಸಬೇಕು. ಯಾವುದೂ ಅನ್ವಯಿಸುವುದಿಲ್ಲ ಎಂದರೆ ಅದನ್ನು ಒತ್ತಬೇಕು. ಇವೆರಡೂ ಬೇಡವಾದರೆ, ‘ಲೇಖಕರು ಎಚ್ಚರಿಕೆಗಳನ್ನು ಬಳಸಿಲ್ಲ’ ಎಂಬ ಅರ್ಥದ ಇನ್ನೊಂದು ಆಯ್ಕೆಯಿದೆ. ಅದನ್ನು ಕಂಡ ಓದುಗರು ಏನು ಬೇಕಾದರೂ ಬರಬಹುದು ಎಂದು ತಿಳಿದೇ ಒಳಗೆ ಕಾಲಿಡುತ್ತಾರೆ, ಕಥೆಯ ಗುಟ್ಟೂ ಉಳಿಯುತ್ತದೆ. ಇಂಥ ಗುಂಡಿಯಿಲ್ಲದ ತಾಣದಲ್ಲಿ ಇದನ್ನೇ ಒಂದು ವಾಕ್ಯವಾಗಿ ಬರೆದರಾಯಿತು. ಮಗುವಿನ ಸಾವು, ಆತ್ಮಹತ್ಯೆ, ಲೈಂಗಿಕ ಹಿಂಸೆ ಈ ಮೂರರ ವಿಷಯದಲ್ಲಿ ಮಾತ್ರ ನಾನು ಗುಟ್ಟನ್ನು ಬಿಟ್ಟುಕೊಟ್ಟು ಸ್ಪಷ್ಟವಾಗಿಯೇ ಹೇಳುತ್ತೇನೆ. ಆ ಪುಟವನ್ನು ಯಾರು ಯಾವ ಸ್ಥಿತಿಯಲ್ಲಿ ತೆರೆಯುತ್ತಾರೋ ಬರೆಯುವವರಿಗೆ ಗೊತ್ತಾಗುವುದಿಲ್ಲ.

ಕಥೆ ಯಾವ ಬಗೆಯದೆಂದು ತಿಳಿಸುವ ಟ್ಯಾಗ್‌ಗಳೂ ಓದುಗರಿಗೆ ಕೊಟ್ಟ ಮಾತೇ. ಟ್ರೆಂಡಿಂಗ್ ಅಂತ ‘ಪ್ರೇಮ’, ‘ಹಾರರ್’, ‘ಪತ್ತೇದಾರಿ’ ಮೂರನ್ನೂ ಅಂಟಿಸಿದರೆ ಮೂರು ಬಗೆಯ ಓದುಗರೂ ಬರುತ್ತಾರೆ, ಇಬ್ಬರು ಬೇಸರದಿಂದ ಕಡಿಮೆ ಸ್ಟಾರ್ ಒತ್ತಿ ಹೋಗುತ್ತಾರೆ. ಕಥೆಯಲ್ಲಿ ನಿಜವಾಗಿ ಇರುವುದಕ್ಕೆ ನಾಲ್ಕೈದು ಟ್ಯಾಗ್ ಸಾಕು.

ಕಂತಿನ ಉದ್ದ ಮೊಬೈಲಿಗೆ ಹೊಂದುವಂತಿರಲಿ. 1000ದಿಂದ 1500 ಪದಗಳ ಕಂತನ್ನು ಒಂದೇ ಉಸಿರಿಗೆ ಓದಬಹುದು. ನಾಲ್ಕೈದು ಸಾಲಿಗೊಮ್ಮೆ ಪ್ಯಾರಾ ಒಡೆಯದಿದ್ದರೆ ಚಿಕ್ಕ ಪರದೆಯಲ್ಲಿ ಅಕ್ಷರಗಳ ಗೋಡೆಯೆದ್ದು ಕಣ್ಣು ಜಾರುತ್ತದೆ. ಹಾಗೆಂದು 300 ಪದಕ್ಕೊಂದು ಕಂತು ಕತ್ತರಿಸಿ ಓದಿದವರ ಎಣಿಕೆ ಹೆಚ್ಚಿಸಿಕೊಳ್ಳುವುದು ಓದುಗರ ಸಮಯಕ್ಕೆ ಮಾಡುವ ಅನ್ಯಾಯ. ವಾರಕ್ಕೆರಡು ಕಂತು ಎಂದು ಹೇಳುವ ಮುನ್ನ ಕನಿಷ್ಠ ಐದಾರು ಕಂತು ತಿದ್ದಿ ಸಿದ್ಧವಾಗಿರಬೇಕು. ಜ್ವರ, ಪರೀಕ್ಷೆ, ಕೆಲಸದ ಒತ್ತಡ ಏನೇ ಬಂದರೂ ಎರಡು ಮೂರು ವಾರ ದಾಟಿಸಲು ಅಷ್ಟು ಬೇಕಾಗುತ್ತದೆ. ನಿಲ್ಲಿಸಲೇಬೇಕಾಗಿ ಬಂದರೆ ಕೊನೆಯ ಕಂತಿನ ಅಡಿಯಲ್ಲಿ ಎರಡು ಸಾಲು ಬರೆಯಿರಿ. ಕಾರಣ ಹೇಳಬೇಕಾಗಿಲ್ಲ, ‘ಸದ್ಯಕ್ಕೆ ನಿಲ್ಲಿಸಿದ್ದೇನೆ’ ಅಥವಾ ‘ಇದನ್ನು ಮುಂದುವರಿಸುವುದಿಲ್ಲ’ ಎಂದರೆ ಸಾಕು. ಹೇಳದೆ ಕೇಳದೆ ಇಡೀ ಕಥೆಯನ್ನು ಅಳಿಸುವ ಬದಲು ಬೇರೆ ದಾರಿಯಿದೆಯೇ ನೋಡಿ. ಮೇಲೆ ಹೇಳಿದ ಆರ್ಕೈವಿನಲ್ಲಿ, ಕಥೆಯನ್ನು ಅಲ್ಲೇ ಬಿಟ್ಟು ಅದರಿಂದ ತಮ್ಮ ಹೆಸರನ್ನು ಮಾತ್ರ ಬಿಡಿಸಿಕೊಳ್ಳುವ ಸೌಲಭ್ಯವಿದೆ. ಪ್ರಕಟಿಸಿದ ಮೇಲೆ ಕಥೆಯ ತಿರುವನ್ನೇ ಬದಲಿಸಿದರೆ ಮುಂದಿನ ಕಂತಿನ ಮೊದಲ ಸಾಲಿನಲ್ಲೇ ತಿಳಿಸಬೇಕು. ಇಲ್ಲವಾದರೆ ಹಳೆಯ ರೂಪ ಓದಿದವರಿಗೆ ಸತ್ತ ಪಾತ್ರ ಎದ್ದು ಬಂದಂತಾಗುತ್ತದೆ.

ಇನ್ನು ಓದುವವರ ಕಡೆ. ಹೆಚ್ಚು ಮಾತಾಡಬೇಕಾದದ್ದು ಇಲ್ಲಿ, ಏಕೆಂದರೆ ಕಾಮೆಂಟ್ ಬರೆಯುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

‘ಸೂಪರ್’, ‘ಚೆನ್ನಾಗಿದೆ’ ಎಂಬುದರಲ್ಲಿ ತಪ್ಪೇನಿಲ್ಲ. ಏನೂ ಬರೆಯದೆ ಹೋಗುವುದಕ್ಕಿಂತ ಖಂಡಿತ ವಾಸಿ, ಬರೆಯುವವರಿಗೆ ಆ ಒಂದು ಪದವೂ ಬಲ ಕೊಡುತ್ತದೆ. ಆದರೆ ಅವರು ಮುಂದಿನ ಕಂತಿನಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂದು ಅದರಿಂದ ತಿಳಿಯುವುದಿಲ್ಲ. ಒಂದು ಕಲ್ಪಿತ ಕಥೆಗೆ ನಾನು ಬರೆಯುವ ಬಗೆಯ ಕಾಮೆಂಟ್ ಇದು:

‘ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಸುಮಾ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಾಳಲ್ಲ, ಅವಳ ಸಿಟ್ಟು ಅಲ್ಲೇ ನನಗೆ ತಟ್ಟಿತು. ಮುಂದಿನ ಪ್ಯಾರಾದಲ್ಲಿ “ಅವಳಿಗೆ ವಿಪರೀತ ಸಿಟ್ಟು ಬಂದಿತ್ತು” ಎಂದು ಮತ್ತೆ ಓದಿದಾಗ ಆ ಬಿಸಿ ಸ್ವಲ್ಪ ಆರಿತು. ಗಂಡನಿಗೆ ಇದೆಲ್ಲ ಗೊತ್ತಿದೆಯೋ ಇಲ್ಲವೋ ಎಂಬುದು ಮಾತ್ರ ನನಗೆ ಸ್ಪಷ್ಟವಾಗಲಿಲ್ಲ. ಬೇಕೆಂದೇ ಹಾಗೆ ಬಿಟ್ಟಿದ್ದೀರಾ?’

ಇದರಲ್ಲಿ ಯಾವ ಜಾಗ ಎಂದು ಬೆರಳಿಟ್ಟು ತೋರಿಸಿದ್ದಾಗಿದೆ. ಓದುವಾಗ ಏನಾಯಿತು ಎಂಬುದು ಓದಿದವರ ಅನುಭವವಾಗಿಯೇ ಬಂದಿದೆ, ತೀರ್ಪಾಗಿ ಅಲ್ಲ. ಗೊಂದಲವನ್ನು ಪ್ರಶ್ನೆಯಾಗಿ ಬಿಟ್ಟದ್ದರಿಂದ, ಅದು ಬರೆದವರ ಉದ್ದೇಶವೇ ಆಗಿದ್ದರೆ ಅವರು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ‘ಆ ಸಾಲನ್ನು ತೆಗೆಯಬೇಕಿತ್ತು’, ‘ನಾನಾಗಿದ್ದರೆ ಗಂಡನನ್ನು ಅಡುಗೆಮನೆಗೆ ತರುತ್ತಿದ್ದೆ’ ಎನ್ನುವುದು ಬೇರೆ. ಅಲ್ಲಿ ಓದುಗರು ಬೇರೊಂದು ಕಥೆ ಬರೆಯಲು ಹೊರಟಿರುತ್ತಾರೆ. ರೋಗಿ ನೋವು ಎಲ್ಲಿದೆ ಎಂದು ಹೇಳಿದರೆ ವೈದ್ಯರಿಗೆ ಉಪಯೋಗ, ಮದ್ದನ್ನೂ ತಾನೇ ಬರೆದುಕೊಟ್ಟರೆ ಅಲ್ಲ.

ಒಂದು ಕಂತಿಗೆ ಒಂದೇ ಕೊರತೆ ಹೇಳುವುದು ಒಳ್ಳೆಯದು. ಐದು ಕಂಡಿದ್ದರೂ ಕಥೆಗೆ ಹೆಚ್ಚು ಪೆಟ್ಟು ಕೊಡುವ ಒಂದನ್ನು ಆರಿಸಿಕೊಳ್ಳಿ, ಅದನ್ನು ಸರಿಪಡಿಸಿದರೆ ಮಿಕ್ಕವುಗಳಲ್ಲಿ ಕೆಲವು ತಾವೇ ಹೋಗುತ್ತವೆ. ವ್ಯಾಟ್‌ಪ್ಯಾಡಿನಂಥ ತಾಣಗಳಲ್ಲಿ ಪ್ರತಿ ಪ್ಯಾರಾಕ್ಕೂ ಪಕ್ಕದಲ್ಲೇ ಟಿಪ್ಪಣಿ ಬರೆಯಬಹುದು. ಅಲ್ಲಿ ನಗು, ಅಚ್ಚರಿ, ‘ಅಯ್ಯೋ’ ಎಂಬ ಉದ್ಗಾರ ಚೆನ್ನ, ಬರೆದವರಿಗೆ ಓದುಗರ ಮುಖ ಕಂಡಂತಾಗುತ್ತದೆ. ದೀರ್ಘ ವಿಮರ್ಶೆಯನ್ನು ಮಾತ್ರ ಕಂತಿನ ಕೊನೆಗೆ ಇಟ್ಟುಕೊಳ್ಳಿ, ನಡುವೆ ಹಾಕಿದರೆ ನಂತರ ಬರುವ ಓದುಗರ ಓಟ ಮುರಿಯುತ್ತದೆ.

ಅಕ್ಷರದೋಷ ತಿಳಿಸುವ ವಿಧಾನವೇ ಬೇರೆ. ಎಲ್ಲರೆದುರು ಪಟ್ಟಿ ಮಾಡದೆ ಇನ್‌ಬಾಕ್ಸಿಗೆ ಕಳಿಸುತ್ತೇನೆ: ಕಂತಿನ ಸಂಖ್ಯೆ, ಪ್ಯಾರಾದ ಮೊದಲ ಎರಡು ಪದ, ಇರುವ ರೂಪ, ಸರಿಯಾದ ರೂಪ. ‘ಕಂತು 4, “ಮಳೆ ನಿಂತ” ಎಂದು ಶುರುವಾಗುವ ಪ್ಯಾರಾ: ಹಾಕಾಶ, ಆಕಾಶ.’ ಇಷ್ಟಿದ್ದರೆ ತಿದ್ದುವವರಿಗೆ ಹುಡುಕುವ ಕೆಲಸವಿಲ್ಲ. ಐದಕ್ಕಿಂತ ಹೆಚ್ಚಿದ್ದರೆ ಒಂದೊಂದಾಗಿ ಕಳಿಸದೆ ಮಾದರಿಯನ್ನು ಹೇಳಿ: ಅಕಾರ–ಹಕಾರ ಅದಲುಬದಲಾಗಿದೆ, ಲ–ಳ ಬೆರೆತಿದೆ, ಮಹಾಪ್ರಾಣ ಬಿಟ್ಟುಹೋಗಿದೆ. ಆದರೆ ಕಳಿಸುವ ಮುನ್ನ ಅದು ದೋಷ ಹೌದೇ ಎಂದು ನೋಡಿ. ಪಾತ್ರದ ಬಾಯಲ್ಲಿ ‘ಹೋಗ್ತೀನ್ರೀ’, ‘ಬತ್ತೀನಿ’, ‘ಎಂತ ಮಾರಾಯ’ ಎಂದು ಬಂದರೆ ಅದು ಆ ಪಾತ್ರದ ನುಡಿ, ಗ್ರಂಥಸ್ಥ ರೂಪಕ್ಕೆ ತಿದ್ದುವುದಲ್ಲ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾಗಿ ಕಾಣಿಸಿದರೆ, ಎರಡು ಅಕ್ಷರ ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆ ಕಾಪಿ ಮಾಡುವಾಗ ಬಿದ್ದುಹೋಗಿರುತ್ತದೆ, ಬರೆದವರಿಗೆ ಕನ್ನಡ ಬರುವುದಿಲ್ಲ ಎಂದು ಅರ್ಥವಲ್ಲ. ಕಂತು ಪೂರ್ತಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿದ್ದರೆ, ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಕ್ರಮ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿ ನೇರ ಅಂಟಿಸಿದ್ದಾರೆ. ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ಹಾಕಿ ಎಂದು ತಿಳಿಸಿದರೆ ದೊಡ್ಡ ಉಪಕಾರ.

ಸ್ಟಾರ್ ಕೊಡುವಾಗ ಓದಿದ ಭಾಗಕ್ಕಷ್ಟೇ ಕೊಡಿ. ಕಂತು ತಡವಾಯಿತೆಂದು ಒಂದು ಸ್ಟಾರ್, ದೆವ್ವದ ಕಥೆ ನನಗಾಗದು ಎಂದು ಒಂದು ಸ್ಟಾರ್, ನಾಯಕಿ ಆ ಹುಡುಗನನ್ನು ಬಿಟ್ಟಳೆಂದು ಒಂದು ಸ್ಟಾರ್ ಒತ್ತಿದರೆ ಬರಹದ ಬಗ್ಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ರಾಯಲ್ ರೋಡ್ ತಾಣದ ವಿಸ್ತೃತ ವಿಮರ್ಶೆಯಲ್ಲಿ ಶೈಲಿ, ಕಥೆ, ವ್ಯಾಕರಣ, ಪಾತ್ರಗಳಿಗೆ ಬೇರೆ ಬೇರೆ ಅಂಕವಿದೆ. ಒಂದೇ ಸ್ಟಾರಿನ ಸಾಲು ಇರುವ ಕಡೆಯೂ ಮನಸ್ಸಿನಲ್ಲಿ ಹಾಗೆ ಬಿಡಿಸಿ ನೋಡಿ ಆಮೇಲೆ ಒತ್ತುತ್ತೇನೆ. ಎರಡು ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಕಾರಣವನ್ನು ಒಂದು ವಾಕ್ಯದಲ್ಲಾದರೂ ಬರೆಯುತ್ತೇನೆ.

ಇಪ್ಪತ್ತನೇ ಕಂತಿನ ಗುಟ್ಟನ್ನು ಮೂರನೇ ಕಂತಿನ ಕೆಳಗೆ ಬರೆಯಬೇಡಿ. ಬರೆದವರೂ ಅಷ್ಟೇ, ಓದುಗರ ಊಹೆಗೆ ‘ಹೌದು, ಕರೆಕ್ಟಾಗಿ ಹಿಡಿದಿರಿ’ ಎಂದು ಉತ್ತರಿಸಿದರೆ ಮಿಕ್ಕವರ ಓದು ಕೆಟ್ಟಂತೆ. ‘ಇದು ನಿಮ್ಮದೇ ಕಥೆಯಾ?’ ಎಂದು ಕೇಳುವುದೂ ಬೇಡ. ವಿಶೇಷವಾಗಿ ದಾಂಪತ್ಯ, ದೌರ್ಜನ್ಯದ ಬಗ್ಗೆ ಬರೆಯುವ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಪದೇಪದೇ ಬರುತ್ತದೆ, ಆಮೇಲೆ ಅವರು ಅಂಥದ್ದನ್ನು ಬರೆಯಲೇ ಹಿಂಜರಿಯುತ್ತಾರೆ. ಕಥೆ ಮೆಚ್ಚಿದ ನೆಪದಲ್ಲಿ ಫೋನ್ ನಂಬರ್, ಊರು, ಫೋಟೊ ಕೇಳುವುದು ಮೆಚ್ಚುಗೆ ಅನಿಸಿಕೊಳ್ಳುವುದಿಲ್ಲ. ಅಂಥ ಸಂದೇಶಕ್ಕೆ ಉತ್ತರ ಕೊಡದೆ ಬ್ಲಾಕ್ ಮಾಡುವುದರಲ್ಲಿ ಯಾವ ಅಮರ್ಯಾದೆಯೂ ಇಲ್ಲ.

ಕಾಮೆಂಟಿಗೆ ಉತ್ತರಿಸುವಾಗ ಬರಹಗಾರರು ಪಾಲಿಸಬೇಕಾದದ್ದು ಕಡಿಮೆ, ಆದರೆ ಕಷ್ಟದ್ದು. ಕಹಿ ಮಾತಿಗೆ ಅವತ್ತೇ ಉತ್ತರ ಬೇಡ. ಮಾರನೆಯ ದಿನ ‘ಓದಿದ್ದಕ್ಕೆ ಧನ್ಯವಾದ, ಆ ಜಾಗವನ್ನು ಮತ್ತೆ ನೋಡುತ್ತೇನೆ’ ಎಂದರೆ ಸಾಕು. ಕಥೆಯ ಅರ್ಥ ವಿವರಿಸಲು ಹೋಗಬೇಡಿ. ಅದು ಕಥೆಯಲ್ಲಿ ಬಂದಿರಬೇಕು, ಬಂದಿಲ್ಲವಾದರೆ ತಿದ್ದಬೇಕಾದದ್ದು ಕಥೆಯನ್ನು. ಬೈಗುಳ, ಜಾಹೀರಾತು, ಯಾರದೋ ಖಾಸಗಿ ವಿವರ, ಗುಟ್ಟು ರಟ್ಟು ಮಾಡುವ ಮಾತು ಇವನ್ನು ಅಳಿಸಬಹುದು, ಟೀಕೆಯನ್ನು ಅಳಿಸಬಾರದು. ಟೀಕಿಸಿದವರ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಪ್ರೊಫೈಲಿನಲ್ಲಿ ಹಾಕಿ ಅಭಿಮಾನಿಗಳನ್ನು ಅವರ ಮೇಲೆ ಬಿಡುವುದನ್ನಂತೂ ಯಾವ ಕಾರಣಕ್ಕೂ ಒಪ್ಪಲಾಗದು. ಹಾಗೆಯೇ ಬೇರೆಯವರ ಕಥೆಯ ಕೆಳಗೆ ‘ನನ್ನ ಕಥೆಯನ್ನೂ ಓದಿ’ ಎಂಬ ಲಿಂಕ್. ‘ನೀವು ನನ್ನದಕ್ಕೆ ಐದು ಕೊಡಿ, ನಾನು ನಿಮ್ಮದಕ್ಕೆ ಕೊಡುತ್ತೇನೆ’ ಎಂಬ ಕೊಡುಕೊಳ್ಳುವಿಕೆಯಿಂದ ಸಿಗುವ ಸ್ಟಾರ್ ನೋಡಿ ಬರುವ ಹೊಸ ಓದುಗರು ಒಮ್ಮೆ ಮೋಸಹೋದರೆ ಮತ್ತೆ ಬರುವುದಿಲ್ಲ.

ಇಷ್ಟವಾದ ಕಥೆಯನ್ನು ಹಂಚುವಾಗ ಹೆಸರು, ಲಿಂಕ್, ಬೇಕಿದ್ದರೆ ಎರಡು ಮೂರು ಸಾಲು ಇರಲಿ. ಪೂರ್ತಿ ಕಥೆಯನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಮೂರನೇ ಗುಂಪು ತಲುಪುವಷ್ಟರಲ್ಲಿ ಬರೆದವರ ಹೆಸರು ಉದುರಿ ‘ಕೃಪೆ: ವಾಟ್ಸಾಪ್’ ಆಗಿರುತ್ತದೆ. ಓದಿ ಆಡಿಯೋ ಮಾಡುವುದು, ಅನುವಾದಿಸುವುದು, ಕಿರುಚಿತ್ರ ಮಾಡುವುದು ಇವೆಲ್ಲಕ್ಕೂ ಬರಹದಲ್ಲಿ ಒಪ್ಪಿಗೆ ಬೇಕು. ಹೆಸರು ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದ ಕೂಡಲೇ ಅದು ಬರೆದವರದಾಗುತ್ತದೆ, ಉಚಿತವಾಗಿ ಓದಲು ಇಟ್ಟಿದ್ದರೂ ಸರಿ. ಹಂಚಿದರೆ ಅಭ್ಯಂತರವಿಲ್ಲ ಅನ್ನುವ ಬರಹಗಾರರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಮೊದಲೇ ನಮೂದಿಸಬಹುದು. ಹೆಸರು ಹಾಕಿ, ಹಣ ಮಾಡದೆ, ಬದಲಿಸದೆ ಹಂಚಲು ಬಿಡುವ ಬಗೆಯೂ ಅದರಲ್ಲಿದೆ.

ಕದ್ದ ಕಥೆ ಕಣ್ಣಿಗೆ ಬಿದ್ದರೆ ಮೊದಲು ಕಳವು ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಕಥಾವಸ್ತು ಹೋಲುವುದು ಕಳವಲ್ಲ, ಒಪ್ಪಂದದ ಮದುವೆ, ಪುನರ್ಜನ್ಮ ಯಾರೊಬ್ಬರ ಸ್ವತ್ತೂ ಅಲ್ಲ. ವಾಕ್ಯಗಳು ಹಾಗೇ ಇದ್ದರೆ, ಪಾತ್ರದ ಹೆಸರು ಬದಲಿಸುವಾಗ ಒಂದೆರಡು ಕಡೆ ಹಳೆಯ ಹೆಸರು ಉಳಿದಿದ್ದರೆ, ಮೂಲದ ಅಕ್ಷರದೋಷಗಳೂ ಅದೇ ಜಾಗದಲ್ಲಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಓದುಗರು ಅಲ್ಲೇ ಜಗಳ ಆರಂಭಿಸಿದರೆ ಕದ್ದವರು ಕಥೆ ಅಳಿಸಿ ಬೇರೆ ಹೆಸರಿನಲ್ಲಿ ಬರುತ್ತಾರೆ. ಆದ್ದರಿಂದ ಎರಡೂ ಲಿಂಕ್‌ಗಳನ್ನು ಮೂಲ ಬರಹಗಾರರಿಗೆ ಖಾಸಗಿಯಾಗಿ ಕಳಿಸಿ ಸುಮ್ಮನಿರಿ. ಬರಹಗಾರರು ಪ್ರಕಟಣೆಯ ದಿನಾಂಕ ಕಾಣುವಂತೆ ಎರಡೂ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಒಂದೇ ಥರ ಇರುವ ಐದಾರು ವಾಕ್ಯಗಳನ್ನು ಅಕ್ಕಪಕ್ಕ ಜೋಡಿಸಿ, ಆಮೇಲೆ ತಾಣದ ದೂರು ವಿಭಾಗಕ್ಕೆ ಬರೆಯಬೇಕು. ಕರಡುಗಳನ್ನು ಫೋನಿನಲ್ಲಷ್ಟೇ ಇಟ್ಟುಕೊಳ್ಳದೆ ನಿಮ್ಮದೇ ಇಮೇಲಿಗೆ ಆಗಾಗ ಕಳಿಸಿಕೊಂಡಿದ್ದರೆ ದಿನಾಂಕದ ದಾಖಲೆ ಆಗಲೇ ಕೈಯಲ್ಲಿರುತ್ತದೆ, ಫೋನ್ ಕೆಟ್ಟರೂ ಕಥೆ ಉಳಿಯುತ್ತದೆ.