ಇಳಿಸ್ಕೊಂಡ ಫೈಲ್ ಸರಿ ಐತೋ ಇಲ್ಲೋ, ಹ್ಯಾಶ್ ಹಾಕಿ ನೋಡ್ರಿ

ಮೊನ್ನೆ ವಿಜಯಪುರದಾಗ ನಮ್ಮ ರೂಮಿನ್ಯಾಗ ಲಿನಕ್ಸ್ ಡೌನ್‌ಲೋಡ್ ಮಾಡಾಕತ್ತಿದ್ದೆ, ನಡುವ ಕರೆಂಟ್ ಹೋತು, ಮತ್ತ ಮುಂದುವರಿಸಿದೆ, ಆದ್ರ ಇನ್‌ಸ್ಟಾಲ್ ಆಗವಲ್ದು, ಎರಡು ತಾಸು ಹಾಳಾತು. ಮೊದಲ ಹ್ಯಾಶ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿ ತಗದ, ಬೆರಳಚ್ಚಿನಂಥ ಗುರುತು) ನೋಡಿದ್ರ ಎರಡು ನಿಮಿಷದಾಗ ಗೊತ್ತಾಗ್ತಿತ್ತು.

ವಿಂಡೋಸ್‌ನ್ಯಾಗ ಪವರ್‌ಶೆಲ್ (ಕಮಾಂಡ್ ಹೊಡಿಯೋ ಕಿಟಕಿ) ತಗದು ಗೆಟ್-ಫೈಲ್‌ಹ್ಯಾಶ್ (Get-FileHash) ಅಂತ ಹೊಡದು ಫೈಲ್ ಹೆಸರು ಕೊಡ್ರಿ, ಲಿನಕ್ಸ್‌ನ್ಯಾಗಾದ್ರ ಟರ್ಮಿನಲ್‌ದಾಗ ಶಾ256ಸಮ್ (sha256sum). ಎರಡೂ ಶಾ-256 ಅನ್ನೋ ವಿಧಾನದಿಂದ ಹ್ಯಾಶ್ ತಗಿತಾವ. 64 ಅಕ್ಷರದ ಸಾಲು ಬರ್ತೈತಿ, ಫೈಲ್ ಮಾಡಿದವರು ತಮ್ಮ ಸೈಟ್‌ನ್ಯಾಗ ಕೊಟ್ಟ ಸಾಲಿನ ಜೋಡಿ ಕಡೀ ಅಕ್ಷರದ ತನಕ ಹೋಲಿಸ್ರಿ. ಒಂದು ಬಿಟ್ ಬದಲಾದ್ರೂ ಸಾಲು ಪೂರಾ ಬ್ಯಾರೆ ಆಗ್ತೈತಿ. ಎಂಡಿ5 ಅನ್ನೋ ಹಳೇ ಹ್ಯಾಶ್ ವಿಧಾನದ ಮ್ಯಾಲೆ ಭರವಸೆ ಇಡಬ್ಯಾಡ್ರಿ, ಎರಡು ಬ್ಯಾರೆ ಡೇಟಾಕ್ಕ ಒಂದ ಹ್ಯಾಶ್ ಬರೂದನ್ನ 2004ರಾಗ ತೋರಿಸ್ಯಾರ.

ಪಾಸ್‌ವರ್ಡ್ ಕಥಿ ಬ್ಯಾರೆ. ಸೈಟ್‌ನವರು ಪಾಸ್‌ವರ್ಡ್ ಹಂಗ ಇಟ್ಕೋಬಾರ್ದು, ಅದರ ಹ್ಯಾಶ್ ಅಷ್ಟ ಇಟ್ಕೋಬೇಕು. ಆ್ಯಪ್ ಕಟ್ಟೋರು ಬರೇ ಶಾ-256 ಹಾಕಿದ್ರ ಸಾಲಂಗಿಲ್ಲ, ಅದು ಭಾಳ ಫಾಸ್ಟ್, ಕಳ್ಳರು ಸೆಕೆಂಡಿಗೆ ಕೋಟಿಗಟ್ಲೆ ಗೆಸ್ ಮಾಡ್ತಾರ. ಇಬ್ರು 'ಗೋಲಗುಮ್ಮಟ123' ಇಟ್ಟಿದ್ರ ಇಬ್ರದ್ದೂ ಒಂದ ಹ್ಯಾಶ್, ಒಬ್ರದ್ದು ಸಿಕ್ರ ಇಬ್ರದ್ದೂ ಸಿಕ್ಕಂಗ. ಅದಕ್ಕ ಒಬ್ಬೊಬ್ರಿಗೂ ಬ್ಯಾರೆ ಸಾಲ್ಟ್ (ಪಾಸ್‌ವರ್ಡ್ ಜೋಡಿ ಹಾಕೋ, ಮನಸ್ಸಿಗೆ ಬಂದಂಗ ಆರಿಸಿದ ಅಕ್ಷರಗಳು) ಸೇರಿಸಿ, ಬೇಕಂತನ ನಿಧಾನ ಮಾಡಿರೋ ಆರ್ಗಾನ್2 ಇಲ್ಲಾ ಬಿಕ್ರಿಪ್ಟ್ ಹಾಕ್ರಿ. ಪಾಸ್‌ವರ್ಡ್ ಮರತೇನಿ ಅಂದ್ರ ಹಳೇದನ್ನ ಹಂಗ ಮೇಲ್ ಮಾಡೋ ಸೈಟ್ ಇದ್ರ ಅವರು ಹ್ಯಾಶ್ ಮಾಡಿಲ್ಲ, ಅದ ಪಾಸ್‌ವರ್ಡ್ ಬ್ಯಾಂಕಿಗೂ ಇಟ್ಟಿದ್ರ ಇವತ್ತ ಬದಲಿಸ್ರಿ.