ಮೆನುವಿನಿಂದ ತೆಗೆದರೆ ಸಾಲದು, ಬಾಗಿಲಿಗೂ ಬೀಗ ಬೇಕು

ಮಂಡ್ಯ ಹತ್ತಿರದ ಒಂದು ಹಾಲಿನ ಸೊಸೈಟಿಗೆ ಸಾಫ್ಟ್‌ವೇರ್ ನೋಡಲು ಹೋಗಿದ್ದೆ. ಇದ್ದದ್ದು ಒಂದೇ ಕಂಪ್ಯೂಟರ್. ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುವ ಟೆಸ್ಟರ್ ಹುಡುಗ ತನ್ನ ಲಾಗಿನ್‌ನಲ್ಲಿ ಕೂತಿದ್ದ. ಅವನ ಮೆನುವಿನಲ್ಲಿ ‘ಬಟವಾಡೆ’ ಇರಲಿಲ್ಲ. ಸರಿಯೇ, ಅದು ಕಾರ್ಯದರ್ಶಿಯ ಕೆಲಸ. ಆದರೆ ಅಡ್ರೆಸ್ ಬಾರ್‌ನಲ್ಲಿ ಒಂದಕ್ಷರ ಒತ್ತಿದ್ದೇ ತಡ, ಬ್ರೌಸರ್ ಬಟವಾಡೆ ಪುಟದ ವಿಳಾಸವನ್ನು ತಾನೇ ಎತ್ತಿಕೊಟ್ಟಿತು. ಬೆಳಿಗ್ಗೆ ಕಾರ್ಯದರ್ಶಿ ಅಲ್ಲೇ ತೆರೆದಿದ್ದರಲ್ಲ! ಎಂಟರ್ ಒತ್ತಿದ, ಪುಟ ಬಂತು. “ಸಾ, ಇದು ನಂಗೂ ಬತ್ತದಲ್ಲ?” ಎಂದ.

ಅಂಗಡಿಯ ಬೋರ್ಡ್ ಇಳಿಸಿದರೆ ಶಟರ್ ಎಳೆದ ಹಾಗಾಗುತ್ತಾ? ಆದರೂ ಈ ತಪ್ಪನ್ನು ಎಷ್ಟೋ ಕಡೆ ನೋಡಿದ್ದೇನೆ. ಓವಾಸ್ಪ್ ಸಂಸ್ಥೆಯ ವೆಬ್ ಭದ್ರತಾ ದೋಷಗಳ ಪಟ್ಟಿಯಲ್ಲಿ ಅನುಮತಿ ತಪಾಸಣೆಯ ದೋಷ 2017ರಲ್ಲಿ ಐದನೆಯದು, 2021ರಲ್ಲಿ ಮೊದಲನೆಯದು. ಹಾಗಾಗಿ ಅವರವರ ಅನುಮತಿಗೆ ತಕ್ಕ ಮೆನು ಕಟ್ಟುವ ಕ್ರಮ ಹೇಳುತ್ತೇನೆ.

1. ಅನುಮತಿಗಳ ಪಟ್ಟಿ

ಕೆಲಸಕ್ಕೊಂದು ಅನುಮತಿ: ‘ಬಟವಾಡೆ ನೋಡು’, ‘ಬಟವಾಡೆ ಮಾಡು’, ‘ದರ ಬದಲಿಸು’. ಅವನ್ನು ಹುದ್ದೆಗೆ ಸೇರಿಸಿ, ಹುದ್ದೆಯನ್ನು ಬಳಕೆದಾರರಿಗೆ ಕೊಡಿ. ಕೋಡ್‌ನಲ್ಲಿ ಮಾತ್ರ ‘ಇವರು ಕಾರ್ಯದರ್ಶಿಯೇ?’ ಎಂದು ಎಲ್ಲೂ ಕೇಳಬೇಡಿ. ಕಾರ್ಯದರ್ಶಿ ರಜೆ ಹಾಕಿದ ದಿನ ಅವರ ಕೆಲಸ ಇನ್ನೊಬ್ಬರಿಗೆ ಬಂದರೆ ಪುಟಗಳ ಮಾದರಿ ಫೈಲ್‌ಗಳನ್ನೆಲ್ಲ (ಟೆಂಪ್ಲೇಟ್) ತಿದ್ದುತ್ತಾ ಕೂರಬೇಕಾಗುತ್ತದೆ.

2. ಮೊದಲು ಬೀಗ

ಪ್ರತಿ ರೂಟ್‌ಗೂ (ಪುಟದ ವಿಳಾಸವನ್ನು ಅದನ್ನು ತೆರೆಯುವ ಕೋಡ್‌ಗೆ ಜೋಡಿಸುವ ಸಾಲು) ಬೇಕಾದ ಅನುಮತಿಯನ್ನು ರೂಟ್ ಪಕ್ಕದಲ್ಲೇ ಬರೆಯಿರಿ. ಬರೆಯದಿದ್ದರೆ ಆ ಪುಟ ಯಾರಿಗೂ ತೆರೆಯಬಾರದು. ಲಾಗಿನ್ ಆಗದವರನ್ನು ಲಾಗಿನ್ ಪುಟಕ್ಕೆ ಕಳಿಸಿ. ಲಾಗಿನ್ ಆಗಿ ಅನುಮತಿ ಇಲ್ಲದವರಿಗೆ 403 (‘ನಿಮಗೆ ಇಲ್ಲಿ ಪ್ರವೇಶವಿಲ್ಲ’ ಎನ್ನುವ ಉತ್ತರ) ಕೊಡಿ. ಇವರನ್ನೂ ಲಾಗಿನ್ ಪುಟಕ್ಕೆ ದಬ್ಬಿದರೆ, ಆಗಲೇ ಲಾಗಿನ್ ಆಗಿದ್ದಾರೆಂದು ಅದು ವಾಪಸ್ ಇಲ್ಲಿಗೇ ಕಳಿಸುತ್ತದೆ, ಗಿರಗಿಟ್ಲೆ ಶುರು.

3. ಮೆನು ಟೇಬಲ್

ಡೇಟಾಬೇಸ್‌ನ ಈ ಟೇಬಲ್‌ಗೆ ಬೇಕಾದ ಕಾಲಂಗಳು: ಐಡಿ, ಪೇರೆಂಟ್ ಐಡಿ (ಯಾವ ಸಾಲಿನ ಕೆಳಗೆ ಬರುತ್ತದೆ ಅನ್ನುವುದು), ಕ್ರಮಸಂಖ್ಯೆ, ಕನ್ನಡ ಹೆಸರು, ರೂಟ್ ಹೆಸರು. ಇಷ್ಟೇ. ಅನುಮತಿಗೆಂದು ಇಲ್ಲೊಂದು ಕಾಲಂ ಇಡುವವರೇ ಜಾಸ್ತಿ, ನಾನು ಬೇಡವೇ ಬೇಡ ಅನ್ನುತ್ತೇನೆ. ಒಂದೇ ನಿಯಮವನ್ನು ಎರಡು ಕಡೆ ಬರೆದರೆ ಆರು ತಿಂಗಳಲ್ಲಿ ಒಂದು ಹಳತಾಗುತ್ತದೆ. ಮೆನು ರೂಟ್‌ನ್ನೇ ಕೇಳಲಿ: ‘ನಿನಗೆ ಯಾವ ಅನುಮತಿ ಬೇಕು?’ ಜಾವಾದ ಸ್ಪ್ರಿಂಗ್ ಸೆಕ್ಯೂರಿಟಿ ಲೈಬ್ರರಿಯ ಆಥರೈಸ್ ಟ್ಯಾಗ್‌ಗೆ ಪುಟದ ವಿಳಾಸ (ಯುಆರ್‌ಎಲ್) ಕೊಟ್ಟರೆ ಅದು ಮಾಡುವುದೂ ಇದನ್ನೇ. ಜ್ಯಾಂಗೋ, ಲಾರಾವೆಲ್‌ನಂಥ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ ಹತ್ತಿಪ್ಪತ್ತು ಸಾಲು ನಾವೇ ಬರೆದುಕೊಳ್ಳಬಹುದು.

4. ಮರ ಸವರುವುದು

ಒಂದರ ಕೆಳಗೊಂದು ಕವಲೊಡೆಯುವ ಮೆನುವೇ ಇಲ್ಲಿನ ಮರ, ಅನುಮತಿ ಇಲ್ಲದ ಸಾಲುಗಳನ್ನು ಕತ್ತರಿಸುವುದೇ ಸವರುವುದು. ಎಡವುವುದು ಇಲ್ಲೇ. ಬಹಳ ಜನ ಮೇಲಿನಿಂದ ಕೆಳಗೆ ಸವರುತ್ತಾರೆ. ‘ವರದಿಗಳು’ ಅನ್ನುವ ತಲೆಬರಹವನ್ನೇ ತಗೊಳ್ಳಿ. ಅದರ ಕೆಳಗೆ ದಿನದ ಹಾಲು, ಬಟವಾಡೆ ಪಟ್ಟಿ, ದರ ಇತಿಹಾಸ ಇವೆ. ಟೆಸ್ಟರ್‌ಗೆ ದಿನದ ಹಾಲು ಮಾತ್ರ ಕಾಣಬೇಕು. ತಲೆಬರಹಕ್ಕೆ ಸ್ವಂತ ರೂಟ್ ಇಲ್ಲ, ಹಾಗಾಗಿ ಅನುಮತಿಯೂ ಇಲ್ಲ. ಅನುಮತಿ ಇಲ್ಲ ಎಂದು ಕತ್ತರಿಸಿದರೆ ದಿನದ ಹಾಲೂ ಜೊತೆಗೇ ಹೋಯಿತು. ಹೋಗಲಿ, ತಲೆಬರಹ ಎಲ್ಲರಿಗೂ ಇರಲಿ ಅಂದರೆ, ಒಂದು ವರದಿಯೂ ಇಲ್ಲದವರಿಗೆ ಬರಿದಾದ ‘ವರದಿಗಳು’ ಕಾಣುತ್ತದೆ. ಒತ್ತುತ್ತಾರೆ, ಏನೂ ತೆರೆಯಲ್ಲ, ನಿಮಗೆ ಫೋನ್ ಬರುತ್ತದೆ.

ಅದಕ್ಕೇ ಎಲೆಯಿಂದ ಬೇರಿನ ಕಡೆ ಬನ್ನಿ. ಮೊದಲು ಮಕ್ಕಳನ್ನು ಸವರಿ, ಆಮೇಲೆ ಪೇರೆಂಟ್ ನೋಡಿ. ಒಂದು ಮಗುವಾದರೂ ಉಳಿದಿದ್ದರೆ ಪೇರೆಂಟ್ ಇರಲಿ, ಇಲ್ಲದಿದ್ದರೆ ತೆಗೆಯಿರಿ. ಪೇರೆಂಟ್ ತಾನೇ ಒಂದು ಪುಟವಾಗಿದ್ದರೆ? ಮಕ್ಕಳಿಲ್ಲದಿದ್ದರೂ ಅದರದ್ದೇ ಅನುಮತಿ ಇದ್ದರೆ ಉಳಿಸಿ. ಮಕ್ಕಳು ಉಳಿದು ಅದರ ಅನುಮತಿ ಮಾತ್ರ ಇಲ್ಲದಿದ್ದರೆ ಲಿಂಕ್ ಕಿತ್ತು ಬರೀ ಹೆಸರು ತೋರಿಸಿ. ಮೆನು ಸಾಲುಗಳ ನಡುವಿನ ಅಡ್ಡಗೆರೆಗಳನ್ನೂ ಮರೆಯಬೇಡಿ. ಎರಡು ಗೆರೆ ಒಂದರ ಕೆಳಗೊಂದು ಬಂದರೆ ಇಲ್ಲೇನೋ ಬಚ್ಚಿಟ್ಟಿದ್ದಾರೆ ಅಂತ ಗೊತ್ತಾಗುತ್ತದೆ.

ಇದಿಷ್ಟಕ್ಕೆ ಡೇಟಾಬೇಸ್‌ಗೆ ಎರಡು ಪ್ರಶ್ನೆ (ಕ್ವೆರಿ) ಸಾಕು. ಇಡೀ ಮೆನು ಟೇಬಲ್‌ಗೆ ಒಂದು, ಬಳಕೆದಾರರ ಎಲ್ಲ ಅನುಮತಿಗಳಿಗೆ ಒಂದು. ಮರ ಕಟ್ಟುವುದು, ಸವರುವುದು ಮೆಮೊರಿಯಲ್ಲೇ ಆಗಲಿ. ಸಾಲಿಗೊಂದು ಕ್ವೆರಿ ಹಾಕಿದರೆ ಮೂವತ್ತು ಸಾಲಿನ ಮೆನುವಿಗೆ ಪ್ರತಿ ಪುಟದಲ್ಲೂ ಮೂವತ್ತು ಕ್ವೆರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಗೊತ್ತೇ ಆಗಲ್ಲ. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಜನ ಸಾಲು ನಿಂತಾಗ ಗೊತ್ತಾಗುತ್ತದೆ.

ದುಡ್ಡು ಕೊಟ್ಟು ತಂದ ರೆಡಿಮೇಡ್ ಅಡ್ಮಿನ್ ಟೆಂಪ್ಲೇಟ್‌ಗಳ ಬಗ್ಗೆ ಒಂದು ಮಾತು. ಕೆಲವು ಇಡೀ ಮೆನುವನ್ನು ಪುಟಕ್ಕೆ ಸುರಿದು, ಬೇಡದ್ದನ್ನು ಸಿಎಸ್‌ಎಸ್‌ನಲ್ಲಿ (ಪುಟದ ಅಲಂಕಾರದ ಕೋಡ್) ಮುಚ್ಚುತ್ತವೆ. ರೈಟ್ ಕ್ಲಿಕ್ ಮಾಡಿ ಸೋರ್ಸ್ ನೋಡಿದರೆ ಎಲ್ಲ ವಿಳಾಸ ಅಲ್ಲೇ! ಇಂಥದ್ದನ್ನು ಸುಮ್ನೆ ಕೊಟ್ಟರೂ ತಗೋಬೇಡಿ. ಮೆನು ಸರ್ವರ್‌ನಲ್ಲೇ ಸವರಿಕೊಂಡು ಬರಬೇಕು.

5. ಕ್ಯಾಶ್

ಕ್ಯಾಶ್ ಅಂದರೆ ಇಲ್ಲಿ ದುಡ್ಡಲ್ಲ, ಒಮ್ಮೆ ಕಟ್ಟಿದ ಮೆನುವನ್ನು ಮತ್ತೆ ಬಳಸಲು ಎತ್ತಿಡುವುದು. ನಿಧಾನ ಅಂತ ಅಳೆದು ಗೊತ್ತಾಗುವ ತನಕ ಬೇಡ. ಹಾಕಲೇಬೇಕಾದರೆ ಕೀಯಲ್ಲಿ (ಎತ್ತಿಟ್ಟದ್ದನ್ನು ಹುಡುಕುವ ಹೆಸರು) ಬಳಕೆದಾರರ ಐಡಿ ಜೊತೆ ಒಂದು ಆವೃತ್ತಿ ಸಂಖ್ಯೆ ಇರಲಿ. ಹುದ್ದೆ, ಅನುಮತಿ ಅಥವಾ ಮೆನು ಬದಲಾದಾಗಲೆಲ್ಲ ಆ ಸಂಖ್ಯೆ ಒಂದು ಏರಲಿ. ಎಲ್ಲರಿಗೂ ಸೇರಿ ಒಂದೇ ಕೀ ಇಟ್ಟವರನ್ನು ಕಂಡಿದ್ದೇನೆ. ಬೆಳಿಗ್ಗೆ ಮೊದಲು ಯಾರು ಲಾಗಿನ್ ಆಗುತ್ತಾರೋ, ಅವತ್ತೆಲ್ಲ ಎಲ್ಲರಿಗೂ ಅವರದೇ ಮೆನು.

6. ಪರೀಕ್ಷೆ

ಸೂಪರ್‌ಯೂಸರ್ ಲಾಗಿನ್‌ನಲ್ಲಿ ನೋಡಿ ‘ಎಲ್ಲ ಸರಿ ಇದೆ’ ಅನ್ನಬೇಡಿ. ಜ್ಯಾಂಗೋದಲ್ಲಿ ಆ ಲಾಗಿನ್‌ಗೆ ಯಾವ ಅನುಮತಿ ಕೇಳಿದರೂ ಉತ್ತರ ‘ಹೌದು’. ಒಂದು ಅನುಮತಿಯೂ ಇಲ್ಲದ ಲಾಗಿನ್ ಮಾಡಿಕೊಳ್ಳಿ. ಅದಕ್ಕೆ ‘ಹೊರಗೆ ಹೋಗಿ’ ಒಂದೇ ಕಾಣಬೇಕು. ಪುಟಗಳ ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿದರೆ ಪ್ರತಿಯೊಂದಕ್ಕೂ 403 ಬರಬೇಕು.

ಆಮೇಲೆ ಒಂದು ಆಟೊಮ್ಯಾಟಿಕ್ ಟೆಸ್ಟ್ ಬರೆದಿಡಿ: ಎಲ್ಲ ರೂಟ್‌ಗಳನ್ನೂ ಸುತ್ತಿ, ಅನುಮತಿ ಬರೆಯದ ಒಂದು ಸಿಕ್ಕರೂ ಫೇಲ್ ಆಗಲಿ. ಹೊಸದರಲ್ಲಿ ನನ್ನದೇ ಪ್ರಾಜೆಕ್ಟ್ ಮೇಲೆ ಇದನ್ನು ಓಡಿಸಿದಾಗ ಮೂರು ಸಿಕ್ಕವು. ಅದರಲ್ಲೊಂದು, ಬಟವಾಡೆ ಪಟ್ಟಿಯ ಪ್ರಿಂಟ್ ಪುಟ.